ಬದುಕಿರುವವನ ಫೋಟೋಗೆ ನಿಮ್ಮ ಶ್ರದ್ಧಾಂಜಲಿ

ಮನರಂಜನಾ ವಾಹಿನಿಯ ಮಾನ್ಯ ಮುಖ್ಯಸ್ಥರೇ,

ನಾನು ಸತ್ತಿಲ್ಲ. ಹೋದ ಭಾನುವಾರ ನಿಮ್ಮ ಹಾಡಿನ ರಿಯಾಲಿಟಿ ಷೋದಲ್ಲಿ ವಯೊಲಿನ್ ನುಡಿಸಿ, ತೀರ್ಪುಗಾರರು ಕಣ್ಣೊರೆಸಿಕೊಳ್ಳುವಂತೆ ಮಾಡಿ, ನೀವು ಸ್ವರ್ಗಕ್ಕೆ ಕಳಿಸಿಕೊಟ್ಟ ಪ್ರಹ್ಲಾದರಾವ್ ನಾನೇ. ಹೈದರಾಬಾದಿನ ಮಣಿಕೊಂಡದ ನಮ್ಮ ಮನೆಯಲ್ಲಿ ಅವಲಕ್ಕಿ ತಿನ್ನುತ್ತ ನನ್ನ ಸಾವನ್ನು ಕಣ್ಣಾರೆ ಕಂಡೆ. ಇಂಥ ಭಾಗ್ಯ ಎಷ್ಟು ಜನರಿಗೆ ಸಿಕ್ಕೀತು?

ನಡೆದದ್ದಿಷ್ಟು. ನಾನು ಸರ್ಕಾರಿ ನೌಕರಿಯಿಂದ ನಿವೃತ್ತನಾದ ದಿನ ಬೇಗಂಪೇಟೆಯ ಕಚೇರಿಯಲ್ಲಿ ಶಾಲು ಹೊದಿಸಿ, ಗಂಧದ ಹಾರ ಹಾಕಿದ್ದರು. ಹೆಮ್ಮೆಯಿಂದ ಆ ಹಾರವನ್ನು ಮನೆಯಲ್ಲಿ ನನ್ನದೇ ಫೋಟೋಗೆ ಹಾಕಿದೆ. “ಇದ್ದವರ ಫೋಟೋಕ್ಕ ಹಾರ ಹಾಕಬಾರದರೀ” ಎಂದು ಹೆಂಡತಿ ಸುಹಾಸಿನಿ ಬಡಕೊಂಡಳು. ಮಗಳು ಶರ್ವರಿ ಸ್ಪರ್ಧೆಗೆ ಆಯ್ಕೆಯಾದಾಗ ಮನೆಯ ಚಿತ್ರೀಕರಣಕ್ಕೆ ಬಂದ ನಿಮ್ಮವರು ಅವಳ ತಂಬೂರಿ ನೋಡಲಿಲ್ಲ, ಹಾರ ನೋಡಿದರು. ಅಪ್ಪ ಇದ್ದಾರೆ, ಮೆಹದಿಪಟ್ಟಣಕ್ಕೆ ಕಾಯಿಪಲ್ಲೆ ತರಲು ಹೋಗಿದ್ದಾರೆ ಎಂದು ಅವಳು ತೆಲುಗಿನಲ್ಲೂ ಹೇಳಿದಳು, ಹಿಂದಿಯಲ್ಲೂ ಹೇಳಿದಳು. ಎರಡೂ ನಿಮ್ಮವರಿಗೆ ಚೆನ್ನಾಗಿ ಅರ್ಥವಾಯಿತು. ಆದರೆ ಕಾಯಿಪಲ್ಲೆ ತರಲು ಹೋದ ಅಪ್ಪನಿಗಾಗಿ ಪ್ರೇಕ್ಷಕರು ಅಳುತ್ತಾರೆಯೇ?

ತಮ್ಮನ ಮಗಳ ಹಾಡು ಕೇಳಲೆಂದು ಬೀದರಿನಲ್ಲಿ ಟಿವಿ ಮುಂದೆ ಕೂತಿದ್ದ ನನ್ನ ಅಕ್ಕ ಮಂದಾಕಿನಿ ಎದ್ದು ಹೋಗಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡಳು. ಸಾವಿನ ಸುದ್ದಿ ಕೇಳಿದರೆ ನಮ್ಮಲ್ಲಿ ಹಾಗೆ ಸ್ನಾನ ಮಾಡುತ್ತಾರೆ. ಆಮೇಲೆ ಫೋನ್ ಮಾಡಿದಳು. ಎತ್ತಿದವನು ನಾನು.

“ಯಾರು ಮಾತಾಡೋದು?”

“ನಾನಽ ಅಕ್ಕಾ, ಪ್ರಹ್ಲಾದ.”

ಎಷ್ಟೋ ಹೊತ್ತು ಬರೀ ಅಳು. ಕೊನೆಗೆ, “ನಿನ್ನ ಹೆಸರಿಲೆ ನೀರು ಹಾಕ್ಕೊಂಡ್ನಲ್ಲೋ ತಮ್ಮಾ. ಅದನ್ನ ಹ್ಯಾಂಗ ವಾಪಸ್ ತಗೊಳ್ಳಲಿ?” ಎಂದಳು. ನಿಮಗೆ ಗೊತ್ತಿದ್ದರೆ ಅವಳಿಗೆ ಹೇಳಿ. ನನಗೆ ಗೊತ್ತಿಲ್ಲ.

ನಿಮ್ಮ ವಿದ್ಯಾದಾನ ಇಷ್ಟಕ್ಕೇ ನಿಂತಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಸೂರ್ಯಕಾಂತ ಮಗಳನ್ನು ಡಾನ್ಸ್ ಷೋಗೆ ತಯಾರು ಮಾಡುತ್ತಿದ್ದಾರೆ. ಮೊನ್ನೆ ಲಿಫ್ಟಿನಲ್ಲಿ ಸಂಕೋಚದಿಂದ ಕೇಳಿದರು: “ರಾವ್‌ರ, ನಮ್ಮ ಮನ್ಯಾಗ ಯಾರೂ ಸತ್ತಿಲ್ಲರಿ. ಹುಡುಗಿ ಆಯ್ಕೆ ಆಗ್ತಾಳೇನ್ರಿ?” ಒಳ್ಳೆಯ ಮನುಷ್ಯ, ತಮಾಷೆ ಮಾಡುತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವುದನ್ನು ಒಂದು ಕೊರತೆಯೆಂದು ಕಲಿಸಿದ್ದೀರಲ್ಲ, ಇದಕ್ಕೆ ಮನರಂಜನೆ ಎಂದು ಹೆಸರಿಡಲು ನಾಚಿಕೆಯಾಗುವುದಿಲ್ಲವೇ? ಹೆಣದ ಮೇಲಿನ ಹಣ ಆಯುವವರ ಬಗ್ಗೆ ಕೇಳಿದ್ದೆ. ಹೆಣವನ್ನೂ ನೀವೇ ತಯಾರಿಸುತ್ತೀರಿ.

ಈಗ ಮುಂದಿನ ಸುತ್ತಿನಲ್ಲಿ ಶರ್ವರಿ “ಸ್ವರ್ಗದಲ್ಲಿರುವ ಅಪ್ಪನಿಗೆ” ಎಂದು ಹೇಳಿ ಹಾಡಬೇಕಂತೆ. ನಿಜ ಹೇಳಿದರೆ ಜನ ಅವಳನ್ನೇ ಮೋಸಗಾತಿ ಎನ್ನುತ್ತಾರೆ ಎಂದು ನಿಮ್ಮವರು ಹೆದರಿಸಿದ್ದಾರೆ. ಹೊಲಸು ನಿಮ್ಮದು, ಕಲೆ ಅವಳಿಗೆ! ಅಂದಿನಿಂದ ಅವಳು ತಂಬೂರಿಯ ಗವಸು ತೆಗೆದಿಲ್ಲ. ನನ್ನ ಸಾವು ಹಾಳಾಗಲಿ, ಬೆಳಗಿನ ಅವಳ ಅಭ್ಯಾಸ ನಿಲ್ಲಿಸಿದ್ದಕ್ಕೆ ನಿಮ್ಮನ್ನು ಕ್ಷಮಿಸಲಾರೆ.

ನಿನ್ನೆ ಅವಳು ಅಂದಳು: “ಅಪ್ಪಾ, ನಾ ಹಾಡ್ತೀನಿ. ಆದ್ರ ನೀವು ನನ್ನೆದುರಿಗೆ ಕೂಡಬೇಕು.”

ಆದ್ದರಿಂದ ನನ್ನ ಬೇಡಿಕೆ ಒಂದೇ. ಮೊದಲ ಸಾಲಿನಲ್ಲಿ ನನಗೊಂದು ಕುರ್ಚಿ ಹಾಕಿಸಿ. ಅವಳು ಹಾಡುವಾಗ ಕ್ಯಾಮೆರಾ ನನ್ನ ಕಡೆ ತಿರುಗಲಿ, ಇವರೇ ಅವಳ ಅಪ್ಪ ಎಂದು ನಿಮ್ಮ ನಿರೂಪಕರು ಹೇಳಲಿ. ವಯೊಲಿನ್ ಬೇಡ. ಒಳಗೆ ಬಿಡದಿದ್ದರೆ ನಿಮ್ಮ ಸ್ಟುಡಿಯೋ ಬಾಗಿಲಲ್ಲೇ ಕೂಡುತ್ತೇನೆ, ಕೊರಳಿಗೆ ಅದೇ ಗಂಧದ ಹಾರ ಹಾಕಿಕೊಂಡು.

ಇಂತಿ,
ನಿಮ್ಮ ಪರದೆಯ ಮೇಲೆ ಮಾತ್ರ ದಿವಂಗತನಾದ
ಪ್ರಹ್ಲಾದರಾವ್
ಮಣಿಕೊಂಡ, ಹೈದರಾಬಾದ್