ಬಾರದೇ ಇದ್ದ ಅಂಕಿ

ಮಾರ್ಚ್ 12, ಬುಧವಾರ

ಇವತ್ತು ಭಾವನ ಕಾರ್ಖಾನೆಯ ಒಲೆ ಆರಿತು. ಕಲ್ಲಿದ್ದಲಿನ ಡಾಂಬರು ಕಾಯಿಸಿ ಎಣ್ಣೆ ಬೇರ್ಪಡಿಸುವ ಆ ಒಲೆ ಹದಿನೆಂಟು ವರ್ಷ ಆರಿರಲಿಲ್ಲ.

ಕಾರಣ ನನ್ನ ಪಟ್ಟಿ. ಯಾವ ದೇಶದಲ್ಲಿ ಎಷ್ಟು ಡಾಂಬರು ಉತ್ಪಾದನೆಯಾಯಿತೆಂದು ಪ್ರತಿ ವರ್ಷ ನಮ್ಮ ವಾಣಿಜ್ಯ ಪತ್ರಿಕೆಗೆ ಬರೆಯುವವನು ನಾನು. ಉಕ್ಕಿನ ಕುಲುಮೆಗೆಂದು ಕಲ್ಲಿದ್ದಲನ್ನು ಸುಟ್ಟು ಕೋಕ್ ಮಾಡುವಾಗ ಸಿಗುವುದು ಈ ಡಾಂಬರು; ಉಕ್ಕಿನವರು ಕೋಕ್ ಬೇಡದ ವಿದ್ಯುತ್ ಕುಲುಮೆಗೆ ಹೊರಳಿದಂತೆ ಹಲವು ದೇಶಗಳ ಅಂಕಿ ಕುಸಿಯುತ್ತಿತ್ತು. ಒಂದು ದೇಶದ್ದು ಮಾತ್ರ ಕದಲಲಿಲ್ಲ. ಕದಲುವುದಾದರೂ ಹೇಗೆ? ಮೂರು ವರ್ಷದಿಂದ ಅಲ್ಲಿನ ಅಂಕಿಯೇ ಬಂದಿರಲಿಲ್ಲ; ಹಳೆಯದನ್ನೇ ನಾನು ಮತ್ತೆ ಹಾಕುತ್ತಿದ್ದೆ. ಅಂದಾಜೆಂದು ತಿಳಿಸುವ ನಕ್ಷತ್ರದ ಗುರುತನ್ನೂ ಹಾಕಲಿಲ್ಲ.

ಅದನ್ನು ನಂಬಿ ಭಾವ ಹತ್ತಿರದವರನ್ನು ಬಿಟ್ಟು ಆ ದೇಶದ ಡಾಂಬರಿಗೆ ಒಪ್ಪಂದ ಮಾಡಿಕೊಂಡರು. ಅಲ್ಲಿನ ಕೋಕ್ ಒಲೆಗಳು ಒಂದೊಂದಾಗಿ ಮುಚ್ಚುತ್ತಿದ್ದವಂತೆ. ಹೋದ ತಿಂಗಳು ಕೊನೆಯದೂ ಮುಚ್ಚಿತು.

ಬೈಯುತ್ತಾರೆ ಎಂದುಕೊಂಡೇ ಸಂಜೆ ಹೋದೆ. ಭಾವ ಕೈಯ ಮಸಿ ಒರೆಸುತ್ತಾ, "ಬಾರೋ ಅಂಕಿಅಂಶ! ನಿನ್ನ ಪಟ್ಟೀಲಿ ಈ ಒಲೆ ಇನ್ನೂ ಉರೀತಿರ್ಬೇಕಲ್ಲ?" ಎಂದು ನಕ್ಕರು.

ಅಕ್ಕ ನಗಲಿಲ್ಲ. "ಅಂಕಿ ಬಂದಿಲ್ಲ ಅಂತ ಬರೆಯೋಕೆ ನಾಚಿಕೆ ಆಯ್ತೇನೋ?"

"ಅದು ಅಚ್ಚಿನ ತಪ್ಪಕ್ಕ" ಎಂದುಬಿಟ್ಟೆ.

ಭಾವ ನಂಬಿದರು. "ಅಚ್ಚಿನವ್ರನ್ನ ಏನೂ ಅನ್ಬೇಡ. ಪಾಪ, ಕಣ್ಣಿಗೆ ಕಂಡಿರಲ್ಲ" ಎಂದರು.

ಅಕ್ಕ ಕೇಳಿದ್ದೇ ಸರಿ. ಜಾಗ ಖಾಲಿ ಬಿಟ್ಟರೆ ಕೆಲಸಗಳ್ಳನಂತೆ ಕಾಣುತ್ತೇನೆಂದು ತುಂಬಿದ್ದೆ. ಈಗ ಭಾವ ತಪ್ಪೇ ಮಾಡದವರನ್ನು ಕ್ಷಮಿಸಿಬಿಟ್ಟಿದ್ದಾರೆ. ನಾಳೆ ಹೋಗಿ ನಿಜ ಹೇಳಬೇಕು. ಅಕ್ಕ ಇಲ್ಲದ ಹೊತ್ತು ನೋಡಿಕೊಂಡು ಹೋಗೋಣ ಎಂದು ಮನಸ್ಸು ಈಗಲೇ ಲೆಕ್ಕ ಹಾಕುತ್ತಿದೆ.