ಉಪ್ಪಿನ ಪಾಲು

ಪ್ರೀತಿಯ ಮಾವಾ,

ಭೂಲೋಕದ ಸಮಸ್ತರಿಗೂ, ಇಲ್ಲಿಂದ ವರ್ಗವಾಗಿ ಮೇಲೆ ಹೋದವರಿಗೂ, ಮುಖ್ಯವಾಗಿ ನಿನಗೂ ಈ ಮೂಲಕ ಪ್ರಕಟಪಡಿಸುವುದೇನೆಂದರೆ, ನಿನ್ನ ಅಕ್ಕನ ಮಗಳು ಪೆನ್ಸಿಲ್ ಹೆರೆಯುವುದನ್ನು ಕಲಿತಿದ್ದಾಳೆ. ನಗಬೇಡ. ಈ ವಿದ್ಯೆಗೆ ಹದಿನೈದು ದಿನ, ಎಂಟು ಬ್ಲೇಡು ಮತ್ತು ಎಡಗೈ ಹೆಬ್ಬೆರಳಿನ ಸ್ವಲ್ಪ ಚರ್ಮ ಖರ್ಚಾಗಿದೆ. ನಮ್ಮ ಚಿತ್ರದ ತರಗತಿಯಲ್ಲಿ ಶಾರ್ಪನರ್ ಮುಟ್ಟಿದರೆ ಮೈಲಿಗೆ. ಬ್ಲೇಡಿನಿಂದ ಮರವನ್ನು ಉದ್ದಕ್ಕೆ ಹೆರೆದು ಒಳಗಿನ ಸೀಸವನ್ನು ಒಂದು ಇಂಚು ಹೊರಗೆ ತೆಗೆಯಬೇಕು, ಮುರಿಯಬಾರದು. ಹನ್ನೆರಡು ವರ್ಷ ಪೆನ್ಸಿಲ್ ಹಿಡಿದವಳಿಗೆ ಪೆನ್ಸಿಲ್ಲಿನ ಗಂಧಗಾಳಿಯೂ ಇಲ್ಲ ಎಂಬುದು ಮೊದಲ ದಿನವೇ ಬಯಲಾಯಿತು. ಪೆನ್ಸಿಲ್ಲಿಗೇ ಹದಿನೈದು ದಿನವಾದರೆ ಇನ್ನು ಚಿತ್ರಕ್ಕೆ...

ನೆನಪಿದೆಯಾ, ಕಳೆದ ವರ್ಷದ ಆ ಸಂಜೆ? ಅಮ್ಮ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ನಾನು ಅರ್ಜಿಯ ಕಾಗದ ಹಿಡಿದುಕೊಂಡು ಕಂಬಕ್ಕೆ ಅಂಟಿ ನಿಂತಿದ್ದೆ. ಘಟ್ಟದ ಮೇಲಿನ ವಿಶ್ವವಿದ್ಯಾಲಯದಲ್ಲಿ ಡಿಸೈನ್ ಡಿಗ್ರಿಗೆ ಸೇರಬೇಕಾದರೆ ಅದಕ್ಕೂ ಮೊದಲು ಒಂದು ವರ್ಷ ಫೌಂಡೇಶನ್ ಓದಬೇಕು, ಅದು ಕುಮಟೆಯಲ್ಲೇ ಇದೆ, ಮನೆಯಿಂದಲೇ ಹೋಗಿಬರಬಹುದು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಅಮ್ಮನ ಕೈಯಲ್ಲಿದ್ದ ಬಾಳೆನಾರು ಅಲ್ಲೇ ನಿಂತಿತು.

"ಡಿಗ್ರಿ ಅಲ್ಲ, ನೌಕರಿ ಅಲ್ಲ. ಒಂದು ವರ್ಷ ಬರೇ ಗೆರೆ ಎಳೂಕೆ ಕುಮಟೆಗೆ ಹೋಗೂದಾ?"

ಅಷ್ಟರಲ್ಲಿ ನೀನು ಬಂದರಿನಿಂದ ಬಂದೆ, ಬೋಟುಗಳಿಗೆ ಬಣ್ಣ ಹೊಡೆದು ಮೊಣಕೈವರೆಗೆ ನೀಲಿಯಾಗಿ. ಚಪ್ಪಲಿಯನ್ನೂ ಬಿಡದೆ ಕೇಳಿದೆ, "ಅಕ್ಕಾ, ಬೋಟಿಗೆ ಸೀದಾ ಬಣ್ಣ ಹೊಡ್ದ್ರೆ ಎಂತ ಆಗ್ತದೆ?"

"ನಂಗೆಂತ ಗೊತ್ತು? ನಾನೆಂತ ಬೋಟು ಹೊಡೀತ್ನಾ?"

"ಎರಡು ತಿಂಗ್ಳಲ್ಲಿ ಸಿಪ್ಪೆ ಏಳ್ತದೆ. ಮೊದ್ಲು ಪ್ರೈಮರ್ ಬೇಕು. ಇದು ನಿನ್ನ ಮಗಳಿಗೆ ಪ್ರೈಮರ್. ಹೋಗ್ಲಿ ಬಿಡು."

"ಪ್ರೈಮರ್ ಹೊಡ್ಕಂಡು ಹಂಗೇ ಮನೇಲಿ ಕೂತ್ರೆ?"

"ನಾನಿದ್ನಲ ಮಾರಾಯ್ತಿ!"

ಅಮ್ಮ ಒಂದು ಷರತ್ತು ಹಾಕಿದಳು. ಒಂದೇ ವರ್ಷ. ವರ್ಷದ ಕೊನೆಗೆ ಡಿಗ್ರಿಗೆ ಸೀಟು ಸಿಗದಿದ್ದರೆ ಭಟ್ಕಳ ಪೇಟೆಯ ಬಟ್ಟೆ ಅಂಗಡಿ, ರಜೆಯಲ್ಲಿ ನಾನು ಸೀರೆ ಮಡಚುತ್ತಿದ್ದ ಅದೇ ಅಂಗಡಿ. ಆಮೇಲೆ ಗೆರೆ, ಬಣ್ಣ ಎಂಬ ಮಾತು ಆಡಕೂಡದು. ನಾನು ಬಾಯಿ ತೆರೆಯುವ ಮೊದಲೇ ನನ್ನ ಪರವಾಗಿ "ಆತು" ಅಂದವನು ನೀನು. ಎರಡು ತಿಂಗಳ ಮೇಲೆ, ತದಡಿ ಬಂದರಿನ ಬೋಟುಗಳಿಗೆ ಕೊನೆಯ ಕೋಟು ಮುಗಿಸಿ ಬಂದು, ಎದೆಯಲ್ಲಿ ಏನೋ ಹಿಡಿದುಕೊಂಡಿದೆ ಎಂದು ಮಲಗಿದವನು ಮತ್ತೆ ಏಳಲಿಲ್ಲ. ಜಾಮೀನು ಕೊಟ್ಟವನೇ ಊರುಬಿಟ್ಟರೆ ಅದಕ್ಕೆ ಏನೆನ್ನುತ್ತಾರೆ, ನೀನೇ ಹೇಳು?

ಮೊದಲ ದಿನ ರೈಲು ಹತ್ತಿದಾಗ ನಿನ್ನ ಹದಿಮೂರನೆಯ ದಿನ ಕಳೆದು ಒಂದು ವಾರವಾಗಿತ್ತು. ಭಟ್ಕಳ ಬಿಟ್ಟ ಮೇಲೆ ಕಿಟಕಿಯಲ್ಲಿ ಒಮ್ಮೆ ಗದ್ದೆ, ಒಮ್ಮೆ ಸುರಂಗದ ಕತ್ತಲು, ಮತ್ತೆ ಗದ್ದೆ. ಹಿಂದಿನಿಂದ ಬಂದು ಯಾರೋ ಕಣ್ಣು ಮುಚ್ಚಿ "ಯಾರು ಹೇಳು" ಎನ್ನುವ ಹಾಗೆ. ಹೊನ್ನಾವರಕ್ಕೆ ಸ್ವಲ್ಪ ಮೊದಲು ಶರಾವತಿಯ ಸೇತುವೆ. ಅಲ್ಲಿ ರೈಲಿನ ಸದ್ದೇ ಬೇರೆಯಾಗುತ್ತದೆ, ಕೆಳಗೆ ನೆಲವಿಲ್ಲದ ಸದ್ದು. ಬೆಳಗಿನ ಆ ಹೊತ್ತಿಗೆ ನೀರಿಗೂ ಆಕಾಶಕ್ಕೂ ನಡುವೆ ಗೆರೆ ಎಳೆಯುವುದನ್ನು ಯಾರೋ ಮರೆತಿರುತ್ತಾರೆ. ಅರ್ಧ ನಿದ್ದೆಯಲ್ಲಿ ನೋಡಿದರೆ ಎದುರು ಸೀಟಿನಲ್ಲಿ ನೀನು! ಬಣ್ಣದ ಮೂರು ಡಬ್ಬಿ ಕಾಲಬುಡದಲ್ಲಿಟ್ಟುಕೊಂಡು, ಸೀಮೆಎಣ್ಣೆಯಲ್ಲಿ ಬ್ರಶ್ ಅದ್ದಿ ಅದ್ದಿ ತೊಳೆಯುತ್ತಿದ್ದೀಯ. ಟಿಕೆಟ್ ನೋಡುವವನು ಬಂದ, ನನ್ನದು ಕೇಳಿದ, ನಿನ್ನದು ಕೇಳಲಿಲ್ಲ. ನಿನಗೆ ಎಲ್ಲಿ ಹೋದರೂ ಬಿಟ್ಟಿಯೇ. ಸೇತುವೆ ಮುಗಿದಾಗ ಸೀಟು ಖಾಲಿ. ಹೊನ್ನಾವರದಲ್ಲಿ ಹೆಂಗಸೊಬ್ಬರು ಹತ್ತಿ ಸರಿಯಾಗಿ ಅದೇ ಜಾಗದಲ್ಲಿ ಕೂತು, ಎರಡೇ ನಿಮಿಷದಲ್ಲಿ ಬಾಯಿ ತೆರೆದು ನಿದ್ದೆ ಹೋದರು. ಬ್ಲೇಡಿನ ವಿದ್ಯೆಯ ಸುಳಿವೂ ಇಲ್ಲದ ನಾನು ಪುಸ್ತಕ ತೆಗೆದು ಆ ತೆರೆದ ಬಾಯಿಯನ್ನು ಬಿಡಿಸಿದೆ. ಕುಮಟೆಯಲ್ಲಿ ಮೆಟ್ಟಿಲು ಹತ್ತಿ ತರಗತಿಗೆ ಹೋದರೆ ಕರಿಹಲಗೆಯ ಮುಂದೆ ಅವರೇ ನಿಂತಿದ್ದಾರೆ. ನಮ್ಮ ರೇವತಿ ಮೇಡಂ. ಆ ಚಿತ್ರವನ್ನು ನಾನು ಇವತ್ತಿಗೂ ಯಾರಿಗೂ ತೋರಿಸಿಲ್ಲ.

ಒಂದು ದಿನ ಮೇಡಂ ತರಗತಿಯ ನಡುವೆ ಕುರ್ಚಿಯೊಂದನ್ನು ಇಟ್ಟು, "ಕುರ್ಚಿ ಬಿಡಿಸ್ಬೇಡಿ. ಅದರ ಸುತ್ತ ಇರೂ ಖಾಲಿ ಬಿಡಿಸಿ" ಅಂದರು. ಕಾಲುಗಳ ನಡುವಿನ ಖಾಲಿ, ಬೆನ್ನಿನ ಕಂಬಿಗಳ ನಡುವಿನ ಖಾಲಿ. ಅದನ್ನೇ ಕಪ್ಪು ಮಾಡುತ್ತ ಹೋದರೆ ಕೊನೆಗೆ ಬಿಳಿ ಕುರ್ಚಿಯೊಂದು ತಾನಾಗಿ ಉಳಿಯುತ್ತದೆ. ಮನೆಗೆ ತಂದು ತೋರಿಸಿದೆ. ಅಮ್ಮ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, "ಕುರ್ಚಿ ನೀನು ಬಿಡಿಸ್ಲೇ ಇಲ್ಲ ಅಂತೆ. ಹಂಗಾರೆ ಇದು ಎಲ್ಲಿಂದ ಬಂತು?" ಎಂದು ಕೇಳಿದಳು. ಆಮೇಲೆ ಅವಳ ಕಣ್ಣು ಜಗಲಿಯಲ್ಲಿ ನೀನು ಕೂರುತ್ತಿದ್ದ ಮಣೆಯ ಕಡೆಗೆ ಹೋಯಿತು. ನಾನು ಚಹಾಕ್ಕೆ ನೀರಿಡಲು ಒಳಗೆ ಎದ್ದುಹೋದೆ.

ಈಗ ನನ್ನ ಅಪರಾಧದ ವಿಷಯಕ್ಕೆ ಬರುತ್ತೇನೆ. ಆ ಅಪರಾಧಕ್ಕೆ ಪ್ರೇರಣೆ ಕೊಟ್ಟವನು ನೀನೇ ಎಂಬುದು ದಾಖಲಾಗಲಿ. ನಾನು ಏಳು ವರ್ಷದವಳಿದ್ದಾಗ ನಿನ್ನ ಜೊತೆ ಬಂದರಿಗೆ ಬಂದು, "ಇಷ್ಟು ಕೆಂಪು ಎಂತಕ್ಕೆ ಮಾವಾ, ಕಣ್ಣು ಉರೀತದೆ" ಎಂದು ಕೇಳಿದ್ದೆ. "ಉಪ್ಪಿನ ಪಾಲು ಮೊದ್ಲೇ ಕೊಟ್ಬಿಡೂದು. ಬಿಸಿಲಿಗೆ ಸ್ವಲ್ಪ, ಉಪ್ಪಿಗೆ ಸ್ವಲ್ಪ. ಅವು ತಿಂದು ಬಿಟ್ಟದ್ದೇ ನಮ್ಮ ಬಣ್ಣ" ಅಂದಿದ್ದೆ ನೀನು. ಪ್ರತಿ ಬಣ್ಣವನ್ನೂ ನೀನು ಬೇಕಾದ್ದಕ್ಕಿಂತ ಎರಡು ಕೈ ಜೋರಾಗಿ ಕಲಸಿ, ಬೋಟಿಗೆ ಹಚ್ಚುವ ಮೊದಲು ಒಂದು ಹಲಗೆಯ ಮೇಲೆ ಎಳೆದು ನೋಡುತ್ತಿದ್ದೆ. ಆ ಹಲಗೆ ಈಗಲೂ ನಮ್ಮ ಬಾಗಿಲ ಹಿಂದೆ ಇದೆ. ಬಣ್ಣವೆಂದರೆ ಹೀಗೇ ಎಂದು ನಂಬಿ ಬೆಳೆದವಳು ನಾನು. ಮೇಡಂ ಮೇಜಿನ ಮೇಲೆ ತಾಮ್ರದ ಚೊಂಬು, ತೆಂಗಿನಕಾಯಿ, ಒಂದು ಬಿಳಿ ಪಂಚೆ ಇಟ್ಟು ಬಣ್ಣದಲ್ಲಿ ಬರೆಯಲು ಹೇಳಿದ ದಿನ ನಾನು ಎಲ್ಲವನ್ನೂ ಎರಡು ಕೈ ಜೋರಾಗಿಯೇ ಬರೆದೆ.

ಮೇಡಂ ಬಂದು ನೋಡಿದರು. "ತೆಂಗಿನಕಾಯಿಗೆ ಜ್ವರ ಬಂದದ್ಯಾ?"

"ಇಲ್ಲ ಮೇಡಂ. ಒಂದು ಮಳೆಗಾಲ ಹೋಗ್ಲಿ, ಸರಿ ಆಗ್ತದೆ" ಅಂದೆ, ಪೂರ್ಣ ಪ್ರಾಮಾಣಿಕವಾಗಿ.

ತರಗತಿಯೇ ಬಿದ್ದು ಬಿದ್ದು ನಕ್ಕಿತು. ಮೇಡಂ ನಗಲಿಲ್ಲ. ಯಾರು ಹೇಳಿಕೊಟ್ಟದ್ದು ಎಂದು ಕೇಳಿದರು, ಹೇಳಿದೆ. "ನಿನ್ನ ಮಾವ ಬೋಟಿಗೆ ಸರಿ. ಆದ್ರೆ ಈ ಕಾಗದ ಕಡಲಿಗೆ ಹೋಗೂದಿಲ್ಲ ಅಲ? ಎದುರಿಗೆ ಎಂತ ಕಾಣ್ತದೋ ಅದನ್ನ ಬರಿ. ಇದು ಬರದಿದ್ರೆ ಡಿಗ್ರಿಗೆ ಸೀಟು ಕಷ್ಟ ಅದೆ" ಅಂದರು.

ಆಮೇಲಿನ ತಿಂಗಳುಗಳನ್ನು ಹೇಗೆ ಹೇಳಲಿ? ದಿನವೂ ಒಂದೊಂದು ಬಣ್ಣವನ್ನು ತಗ್ಗಿಸಿದೆ. ಹಸಿರಿಗೆ ಚೂರು ಕೆಂಪು ಹಾಕಿ ಬಾಯಿ ಮುಚ್ಚಿಸಿದೆ, ನೀಲಿಗೆ ಬೂದು ಹಾಕಿ ಕೂರಿಸಿದೆ. ತೆಂಗಿನಕಾಯಿಯ ಜ್ವರ ಇಳಿಯಿತು, ಚೊಂಬು ಚೊಂಬಿನ ಹಾಗೆ ಕಂಡಿತು. ಮೇಡಂ "ಹ್ಞಾಂ" ಎನ್ನತೊಡಗಿದರು. ಅವರ ಒಂದು "ಹ್ಞಾಂ" ಎಂದರೆ ಬೇರೆಯವರ ಸನ್ಮಾನಕ್ಕೆ ಸಮ. ಆದರೆ ಪ್ರತಿ "ಹ್ಞಾಂ"ಗೂ ಕೈಯಿಂದ ಏನೋ ಕಳಚಿಹೋಗುತ್ತಿದೆ ಅನ್ನಿಸುತ್ತಿತ್ತು. ಸೇತುವೆಯ ಮೇಲೆ ಎದುರು ಸೀಟಿನಲ್ಲಿ ನೀನು ಬರುವುದೂ ಅಪರೂಪವಾಯಿತು. ನಿನ್ನ ಕೈಯನ್ನು ಮರೆತರೆ ಸೀಟು, ಮರೆಯದಿದ್ದರೆ ಬಟ್ಟೆ ಅಂಗಡಿ. ನೀನಾಗಿದ್ದರೆ ಏನು ಮಾಡುತ್ತಿದ್ದೆ, ಮಾವಾ?

ಮೇ ತಿಂಗಳ ಕೊನೆಯ ವಾರ ಒಂದು ಬೆಳಿಗ್ಗೆ ಬಾಗಿಲ ಹಿಂದಿನ ಹಲಗೆ ಜಾರಿ ಬಿತ್ತು. ಎತ್ತಿ ಇಡುವಾಗ ನೋಡಿದೆ. ತದಡಿಯ ಬೋಟುಗಳಿಗೆಂದು ನೀನು ಕೊನೆಗೆ ಕಲಸಿದ ಬಣ್ಣಗಳೆಲ್ಲ ಅದರ ಮೇಲಿದ್ದವು, ಹತ್ತು ತಿಂಗಳಾದರೂ ಉಪ್ಪು ಮುಟ್ಟದೆ, ಮೊದಲ ದಿನದ ಹಾಗೇ ಕೂಗುತ್ತ. ಆಗ ಹೊಳೆಯಿತು. ಮೀನುಗಾರಿಕೆಗೆ ಮಳೆಗಾಲದ ನಿಷೇಧ ಶುರುವಾಗುವ ಹೊತ್ತು. ಬೋಟುಗಳು ದಡ ಹತ್ತುತ್ತವೆ, ಹೊಸ ಬಣ್ಣಕ್ಕೆ ಮೊದಲು ಹಳೆಯದನ್ನು ಕೆರೆಯುತ್ತಾರೆ. ನೀನು ಬಳಿದ ಕೊನೆಯ ಬಣ್ಣ ಇನ್ನು ಎರಡು ಮೂರು ದಿನವೂ ಇರುವುದಿಲ್ಲ! ಹಲಗೆಯನ್ನು ಸೀರೆಯ ತುಂಡಿನಲ್ಲಿ ಸುತ್ತಿ ರೈಲು ಹತ್ತಿದೆ. ಕುಮಟೆಯಲ್ಲಿ ಇಳಿದು, ತರಗತಿಗೆ ಹೋಗದೆ, ತದಡಿಯ ಬಸ್ಸು ಹಿಡಿದೆ.

ದಡದಲ್ಲಿ ಹನುಮಂತಣ್ಣ ಸಿಕ್ಕಿದ. ನೀನು ಬಣ್ಣ ಹೊಡೆದ ಐದು ಬೋಟುಗಳಲ್ಲಿ ಎರಡು ಅವನವೇ ಅಲ್ಲವೇ? ಕೆರೆಯುವ ಉಳಿಗಳನ್ನು ಸಾಲಾಗಿ ಜೋಡಿಸಿ ಬೀಡಿ ಹಚ್ಚುತ್ತಿದ್ದ. ನಾನು ಯಾರೆಂದು ಹೇಳಿದ್ದೇ ತಡ, ಜಗಳಕ್ಕೇ ನಿಂತ.

"ನಿನ್ನ ಮಾವ ಎಂತ ಜನ ಮಾರಾಯ್ತಿ! ಬಣ್ಣ ನೋಡಿ, 'ಇದೆಂತ ಬೋಟಾ, ಬ್ಯಾಂಡಿನವ್ರ ಅಂಗಿಯಾ' ಅಂತ ಬೈದಿದ್ದೆ. 'ದೀಪಾವಳಿ ಕಳೀಲಿ, ಆಮೇಲೆ ಬೈ' ಅಂದ. ಕಳೀತು. ನೋಡ್ತೆ, ಬೈಯೂಕೆ ಎಂತದೂ ಇಲ್ಲ. ಹೇಳ್ವಾ ಅಂದ್ರೆ ಮನುಷ್ಯನೇ ಇಲ್ಲ."

ನಾನು ಹಲಗೆಯನ್ನು ಬೋಟಿನ ಪಕ್ಕದಲ್ಲಿ ಹಿಡಿದೆ. ಮಾವಾ, ಹಲಗೆಯ ಮೇಲೆ ಕಿರುಚುತ್ತಿದ್ದ ಕೆಂಪು ಬೋಟಿನ ಮೇಲೆ ಒಣಗಿದ ಮುರುಗಲು ಹಣ್ಣಿನ ಸಿಪ್ಪೆಯಾಗಿತ್ತು. ಹಳದಿ ಹೋಗಿ ಹೋಗಿ ಹಣ್ಣಾದ ಭತ್ತದ ಗದ್ದೆಯಲ್ಲಿ ನಿಂತಿತ್ತು. ಆ ನೀಲಿ... ಆ ನೀಲಿ ಬೆಳಗಿನ ಶರಾವತಿ. ಅದನ್ನು ಸೇತುವೆಯ ಮೇಲಿಂದ ನಾನು ವರ್ಷವಿಡೀ ನೋಡಿದ್ದೆ, ಒಮ್ಮೆಯೂ ಕಾಗದಕ್ಕೆ ಇಳಿಸಲು ಆಗಿರಲಿಲ್ಲ. ನಿನಗೆ ಜೋರು ಬಣ್ಣ ಇಷ್ಟ ಎಂದೇ ಇಷ್ಟು ವರ್ಷ ತಿಳಿದಿದ್ದೆನಲ್ಲ! ನೀನು ಈ ತಣ್ಣಗಿನ ಬಣ್ಣವನ್ನು ಮೊದಲೇ ಕಂಡು, ಅಲ್ಲಿಂದ ಹಿಂದಕ್ಕೆ ಬಂದು ಕಲಸುತ್ತಿದ್ದೆ. ಹಾಗಾದರೆ ಎದುರಿಗೆ ಕಾಣುವುದನ್ನು ಬರಿ ಎಂದು ಮೇಡಂ ಹೇಳಿದ್ದಕ್ಕೂ ನೀನು ಹೇಳಿದ್ದಕ್ಕೂ ಜಗಳ ಎಲ್ಲಿತ್ತು?

"ನಾಳೆ ಮಧ್ಯಾಹ್ನದವರೆಗೆ ಕೆರೀಬೇಡ ಹನುಮಂತಣ್ಣ" ಅಂದೆ.

"ಆತು. ಬಾಕಿಯವ್ರಿಗೂ ಹೇಳ್ತೆ. ನಾಳೆ ಊಟದವರೆಗೆ. ಊಟ ಆದ್ಮೇಲೆ ನೀನು ಅತ್ರೂ ಕೆರೀತೆ."

ರಾತ್ರಿ ಮನೆಗೆ ಹೋಗಿಬಂದದ್ದು ಬಿಟ್ಟರೆ ಒಂದೂವರೆ ದಿನ ದಡದಲ್ಲೇ ಕೂತೆ. ನನ್ನ ಪೋಸ್ಟರ್ ಬಣ್ಣ ಹಸಿಯಿದ್ದಾಗ ಒಂದು, ಒಣಗಿದ ಮೇಲೆ ಇನ್ನೊಂದು. ಬೋಟಿಗೆ ಸರಿಯಾಗಿ ಹೊಂದಿಸಿ ಹಚ್ಚಿದರೆ ಅರ್ಧ ಗಂಟೆಯಲ್ಲಿ ಮುಖ ತಿರುಗಿಸುತ್ತಿತ್ತು. ಕೊನೆಗೆ ಒಣಗುವುದಕ್ಕೂ ಅದರ ಪಾಲು ಮೊದಲೇ ಕೊಟ್ಟು ಕಲಸಿದೆ. ಹಚ್ಚುವಾಗ ತಪ್ಪು ಕಾಣಬೇಕು, ಗಾಳಿ ಬಂದು ಹೋದ ಮೇಲೆ ಸರಿಯಾಗಬೇಕು. ಕೈ ತಾನಾಗಿ ನಡೆಯಿತು. ಯಾರ ಕೈ ಎಂದು ಕೇಳಬೇಡ. ಎರಡನೆಯ ದಿನದ ಊಟದ ಹೊತ್ತಿಗೆ ಐದು ಬೋಟುಗಳ ಹದಿನೇಳು ಬಣ್ಣ ಹದಿನೇಳು ಹಾಳೆಯಲ್ಲಿತ್ತು. ಕೈ ತೊಳೆದು ಬಂದ ಹನುಮಂತಣ್ಣ ಹಾಳೆಗಳನ್ನೊಮ್ಮೆ, ಬೋಟನ್ನೊಮ್ಮೆ ನೋಡಿದ. ಉಳಿ ತೆಗೆದುಕೊಳ್ಳಲು ಸ್ವಲ್ಪ ತಡಮಾಡಿದ. ಆಮೇಲೆ ಕೆರೆಯಲು ಶುರುಮಾಡಿದ. ನಾನು ನೋಡುತ್ತ ನಿಲ್ಲಲಿಲ್ಲ, ಬಸ್ಸು ಬಂದಿತ್ತು.

ಕಳೆದ ಗುರುವಾರ ಡಿಗ್ರಿಯ ಸೀಟಿಗೆ ಸಂದರ್ಶನವಾಯಿತು, ಮೇಡಂ ಕೋಣೆಯಲ್ಲಿ, ವಿಡಿಯೋದಲ್ಲಿ. ಪರದೆಯ ಆಚೆ ಮೂವರು. ನನ್ನ ಚೊಂಬು, ಕುರ್ಚಿಗಳನ್ನು ಸರಸರ ದಾಟಿ ಹೋದರು. ಹಲಗೆಯ ಫೋಟೋ ಮತ್ತು ಹದಿನೇಳು ಹಾಳೆ ಬಂದಾಗ ನಿಂತರು. ಅದರ ಕಥೆ ಕೇಳಿದರು, ಹೇಳಿದೆ.

"ಆ ಬೋಟುಗಳು ಈಗ ಎಲ್ಲಿವೆ?" ಎಂದರು ನಡುವಿನ ಕನ್ನಡಕದವರು.

"ತದಡಿಯಲ್ಲೇ ಇವೆ ಸರ್. ಬಣ್ಣ ಕೆರೆದಾಯಿತು."

"ಅಂದರೆ ಆ ಬಣ್ಣ ಇರುವುದು ಈ ಹಾಳೆಗಳಲ್ಲಿ ಮಾತ್ರ?"

"ಹೌದು ಸರ್."

ನೆಟ್‌ವರ್ಕ್ ಹೋಯಿತೆಂದು ಮೇಡಂ ಮೊಬೈಲನ್ನು ಎರಡು ಸಲ ತಟ್ಟಿದರು. ನೆಟ್‌ವರ್ಕ್ ಹೋಗಿರಲಿಲ್ಲ.

ನಿನ್ನೆ ಮಧ್ಯಾಹ್ನ ಪಟ್ಟಿ ಬಂತು. ನನ್ನ ಹೆಸರಿದೆ, ಮಾವಾ. ನಾಲ್ಕನೆಯದು. ಅಮ್ಮನಿಗೆ ಓದಿ ಹೇಳಿದೆ. ಅವಳು ಮಾಲೆ ಕಟ್ಟಿ ಮುಗಿಸಿ, ನಾರು ಹರಿದು, "ಘಟ್ಟದ ಮೇಲೆ ಚಳಿ ಅಲ? ಹೊದ್ಕೆ ಬೇಕು" ಅಂದಳು. ಅಷ್ಟೇ. ಆಮೇಲೆ ಆ ಮಾಲೆಯಲ್ಲಿ ಒಂದು ಮೊಳ ಕತ್ತರಿಸಿ ನಿನ್ನ ಫೋಟೋಕ್ಕೆ ಹಾಕಿದಳು, ಇನ್ನೊಂದು ಮೊಳ ನನ್ನ ಜಡೆಗೆ.

ಇನ್ನೊಂದೇ ಒಂದು ಬಾಕಿ. ಸೋಮವಾರ ಮೂಲ ಹಾಳೆಗಳನ್ನು ವಿಶ್ವವಿದ್ಯಾಲಯಕ್ಕೇ ಒಯ್ದು ತೋರಿಸಿದರೆ ಮಾತ್ರ ಸೀಟು ಖಾಯಂ. ಮೂರು ದಿನದಿಂದ ಇಲ್ಲಿ ಮಳೆ ಹೇಗೆ ಸುರಿಯುತ್ತಿದೆ ಎಂದು ನಿನಗೇ ಮೇಲಿನಿಂದ ಕಾಣುತ್ತಿರಬೇಕು. ಪೋಸ್ಟರ್ ಬಣ್ಣದ ಮೇಲೆ ಒಂದು ಹನಿ ಬಿದ್ದರೂ ಮುಗಿಯಿತು. ಅಮ್ಮ ಹಳೆಯ ಟಾರ್ಪಾಲು ಕತ್ತರಿಸಿ ಫೈಲಿಗೆ ಚೀಲ ಹೊಲಿದಿದ್ದಾಳೆ. ಅಳತೆಯಲ್ಲಿ ಅವಳ ಕೈ ನಿನಗೆ ಗೊತ್ತೇ ಇದೆ. ಒಂದು ಮೂಲೆ ಹೊರಗೇ ಉಳಿದಿದೆ. ನಮ್ಮ ಓಣಿಯೊಳಗೆ ಆಟೋ ಬರುವುದಿಲ್ಲ, ಮನೆಯಿಂದ ಮುಖ್ಯರಸ್ತೆಗೆ ನಡೆಯಲು ಐದು ನಿಮಿಷ ಬೇಕು. ಅಲ್ಲಿ ಮೇಲೆ ಮಳೆಯ ಉಸ್ತುವಾರಿಯವರ ಪರಿಚಯ ನಿನಗೆ ಇಷ್ಟರಲ್ಲಿ ಆಗಿರಲೇಬೇಕು, ಯಾರನ್ನೂ ಮಾತಾಡಿಸದೆ ಬಿಡುವ ಜನ ನೀನಲ್ಲ. ಸೋಮವಾರ ಬೆಳಿಗ್ಗೆ ಆರೂಕಾಲಿನಿಂದ ಆರೂ ಇಪ್ಪತ್ತರವರೆಗೆ, ಭಟ್ಕಳದ ಜಾಲಿಯ ನಮ್ಮ ಓಣಿಗೆ ಮಾತ್ರ, ಸ್ವಲ್ಪ ನಿಲ್ಲಿಸಲು ಹೇಳುತ್ತೀಯಾ?

ನಿನ್ನ ಅಕ್ಕನ ಮಗಳು