ಪುಟ ನಲವತ್ತೊಂದರ ‘ಅಜ್ಞಾತ’ ಮತ್ತು ಒಂದು ಹಿಡಿ ಅವರೆ

ಬೌದ್ಧಿಕ ಆಸ್ತಿ ನೀತಿ ಸಲಹಾ ಸಮಿತಿಯ ಸದಸ್ಯ ಕಾರ್ಯದರ್ಶಿಗಳಿಗೆ

ಮಾನ್ಯರೇ,

ತಮ್ಮ ಸಮಿತಿಯ ಅಂತಿಮ ವರದಿ ಅಂಚೆಯಲ್ಲಿ ಬಂತು. ಹೊಳೆಯುವ ರಟ್ಟು, ನುಣುಪು ಕಾಗದ. ನಲವತ್ತೊಂದನೆಯ ಪುಟದಲ್ಲಿ ಒಂದು ಪಟ್ಟಿ ಇದೆ. ಅದರ ಹದಿಮೂರನೆಯ ಸಾಲು ಹೀಗಿದೆ: ‘ದಿಬ್ಬದ ಅವರೆ, ಊರಿಗಾಂ, ಕೋಲಾರ ಜಿಲ್ಲೆ. ಮೂಲ: ಅಜ್ಞಾತ.’ ಆ ಅಜ್ಞಾತ ನನ್ನ ಹೆಂಡತಿ. ಆಕೆಯ ಹೆಸರು ಗಂಗರತ್ನಮ್ಮ. ಮೂವತ್ತೆಂಟು ವರ್ಷ ನನ್ನ ಜೊತೆ ಬಾಳಿ ಕಳೆದ ಶ್ರಾವಣದಲ್ಲಿ ತೀರಿಕೊಂಡಳು. ಈ ವಿಷಯವಾಗಿ ತಮ್ಮ ಕಚೇರಿಗೆ ಮೂರು ಪತ್ರ ಬರೆದೆ. ಮೂರೂ ತಲುಪಿದ್ದಕ್ಕೆ ಅಂಚೆಯ ರಸೀದಿ ಇದೆ, ಉತ್ತರ ಇಲ್ಲ. ಆದ್ದರಿಂದ ನಾಲ್ಕನೆಯದನ್ನು ನಾಲ್ಕು ಜನ ಓದುವ ಹಾಗೆ ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಾನು ಯಾರೆಂದು ತಮಗೆ ಮರೆತಿರಬಹುದು. ಸಮಿತಿಯಲ್ಲಿ ಹನ್ನೊಂದು ಜನ ಸದಸ್ಯರಿದ್ದೆವು. ಹತ್ತು ಜನರ ಹೆಸರಿನ ಹಿಂದೆ ಮುಂದೆ ಪದವಿಗಳಿದ್ದವು. ಹನ್ನೊಂದನೆಯವನ ಮುಂದೆ ‘ಪಬ್ಲಿಕ್ ಮೆಂಬರ್’ ಎಂಬ ಹಲಗೆ ಇಟ್ಟಿದ್ದಿರಿ. ಅದು ನಾನು. ಚಿನ್ನದ ಗಣಿಯಲ್ಲಿ ಹಾಜರಿ ಬರೆಯುವ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಕಾಲೇಜಿನಲ್ಲಿ ಎರಡು ವರ್ಷ ಓದಿ ಬಿಟ್ಟವನಾದ್ದರಿಂದ ಇಂಗ್ಲಿಷು ಅರ್ಧ ನೆನಪಿದೆ, ಅರ್ಧ ಇಲ್ಲ. ‘ಐ ಬೆಗ್ ಟು ಸ್ಟೇಟ್’ ಎಂದು ಶುರುಮಾಡಬಲ್ಲೆ, ಆಮೇಲೆ ಕನ್ನಡಕ್ಕೇ ಬರಬೇಕು. ಬೀಜಕ್ಕೂ ಪೇಟೆಂಟು ತರುವ ಗ್ಯಾಟ್ ವ್ಯಾಪಾರ ಒಪ್ಪಂದದ ಬಗ್ಗೆ ಪತ್ರಿಕೆಗಳಿಗೆ ಒಂದೆರಡು ಪತ್ರ ಬರೆದಿದ್ದೆ. ಅದನ್ನು ಯಾರೋ ನೋಡಿ, ತೊಂಬತ್ತೈದರಲ್ಲಿ ನನಗೆ ನೇಮಕದ ಆದೇಶ ಬಂತು. ಸುಳ್ಳೇಕೆ ಹೇಳಲಿ, ಆ ಆದೇಶಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದೆ. ಪಕ್ಕದ ಮನೆಯ ಅಮ್ಮಾಜಮ್ಮ ಅದನ್ನು ನೋಡಿ, “ಅಣ್ಣಾ, ಅಲ್ಲಿ ಕಾಪಿನಾದ್ರೂ ಕೊಡ್ತಾರಾ, ಬರೀ ಮಾತೇನಾ?” ಎಂದು ಕೇಳಿದ್ದಳು. ಕಾಫಿ ಕೊಟ್ಟಿರಿ, ಬಿಸ್ಕತ್ತನ್ನೂ ಕೊಟ್ಟಿರಿ. ಆ ಉಪಕಾರ ಮರೆತಿಲ್ಲ.

ಈಗ ಅವರೆಯ ವಿಷಯ. ಊರಿಗಾಮಿನ ನಮ್ಮ ಲೈನಿನ, ಅಂದರೆ ಗಣಿ ಕೆಲಸದವರ ಮನೆಸಾಲಿನ, ಹಿಂದೆಯೇ ಸಯನೈಡ್ ದಿಬ್ಬ. ಚಿನ್ನ ತೆಗೆದುಕೊಂಡ ಮೇಲೆ ಉಳಿದ ಬಿಳಿ ಪುಡಿಯನ್ನು ತಂದು ಸುರಿದು ಸುರಿದು ಆದ ಗುಡ್ಡ ಅದು. ಆಷಾಢದ ಗಾಳಿಗೆ ಆ ಪುಡಿ ಹಾರಿ ಬಂದು ಹಿತ್ತಲಲ್ಲಿ ಕೂರುತ್ತದೆ. ಏನು ಹಾಕಿದರೂ ಸುಟ್ಟುಹೋಗುತ್ತಿತ್ತು. ನನ್ನ ಹೆಂಡತಿ ಬೂದಿಕೋಟೆ ಕಡೆಯ ಬೇಸಾಯದ ಮನೆಯವಳು, ಬರಿಯ ನೆಲ ನೋಡಿಕೊಂಡು ಕೂರುವ ಜೀವ ಅಲ್ಲ. ತವರಿಂದ ಅವರೆ ಬೀಜ ತಂದು ಊರಿದಳು. ಮೊದಲ ವರ್ಷ ಮೂರೇ ಬಳ್ಳಿ ಉಳಿದವು. ಆ ಮೂರರಲ್ಲಿ ಚೆನ್ನಾಗಿ ತುಂಬಿದ ಕಾಯಿಗಳನ್ನು ಗುರುತಿಸಿ, ಹಳೆಯ ಸೀರೆಯ ಅಂಚಿನಿಂದ ಎಳೆದ ಕೆಂಪು ದಾರವನ್ನು ತೊಟ್ಟಿಗೆ ಕಟ್ಟಿದಳು. ದಾರ ಕಟ್ಟಿದ ಕಾಯಿಯನ್ನು ಸಾರಿಗೆ ಕೀಳುವಂತಿಲ್ಲ, ಅದು ಬೀಜಕ್ಕೆ. ಒಂದು ಸಲ ಗೊತ್ತಿಲ್ಲದೆ ಕಿತ್ತು ತಂದು ಎರಡು ದಿನ ಆಕೆಯ ಮಾತು ಕಳೆದುಕೊಂಡಿದ್ದೇನೆ. ಹೀಗೆ ಹದಿನೆಂಟು ವರ್ಷ. ಹದಿನೆಂಟನೆಯ ವರ್ಷಕ್ಕೆ ದಿಬ್ಬದ ಬುಡದಲ್ಲೇ ಬಳ್ಳಿ ಹಬ್ಬಿ, ಇಬ್ಬನಿ ಬಿದ್ದ ಬೆಳಿಗ್ಗೆ ಲೈನಿಗೆಲ್ಲ ಅವರೆಯ ಸೊಗಡು. ತಮ್ಮ ಭಾಷೆಯಲ್ಲಿ ಇದಕ್ಕೆ ಸಂಶೋಧನೆ ಎನ್ನುತ್ತಾರೆ ಅಲ್ಲವೇ? ಅಥವಾ ಅದಕ್ಕೆ ಬಿಳಿ ಕೋಟು ಬೇಕೇ?

ಎರಡನೆಯ ಸಭೆಯಲ್ಲಿ ತಾವು ನಮೂನೆಗಳನ್ನು ಹಂಚಿದಿರಿ. ಜನರಲ್ಲಿರುವ ತಿಳಿವಳಿಕೆಯನ್ನು ದಾಖಲೆ ಮಾಡಿ ತನ್ನಿ, ನಾಳೆ ಯಾರೂ ಅದನ್ನು ಕದಿಯದಿರಲಿ ಎಂದಿರಿ. ನನಗೆ ಎದೆ ತುಂಬಿ ಬಂತು. ಮನೆಗೆ ಬಂದವನೇ ಆಕೆಯನ್ನು ಎದುರು ಕೂರಿಸಿಕೊಂಡು ತುಂಬಿಸಿದೆ. ಎಲ್ಲ ಸಲೀಸಾಗಿ ಹೋಯಿತು, ‘ಮೂಲ ವ್ಯಕ್ತಿಯ ಹೆಸರು (ಒಂದೇ ಹೆಸರು ನಮೂದಿಸಿ)’ ಎಂಬಲ್ಲಿ ನಿಂತಿತು.

“ನನ್ನೆಸರು ಯಾಕೆ ಬರೀತೀರಾ? ಬೀಜ ನಮ್ಮಮ್ಮ ಕೊಟ್ಟಿದ್ದು,” ಎಂದಳು.

“ಹದಿನೆಂಟು ವರ್ಷ ದಾರ ಕಟ್ಟಿದ್ದು ನಿಮ್ಮಮ್ಮನಾ?”

“ದಾರ ಕಟ್ಟಿದ್ರೆ ಬೀಜ ನಂದಾಗೋಯ್ತದಾ? ನಮ್ಮಮ್ಮಂಗೆ ಅವಳತ್ತಿಗೆ ಕೊಟ್ಟಿದ್ದು, ಚಿಕ್ಕವೆಂಕಟಮ್ಮ. ಬರ್ಯೋದಾದ್ರೆ ಎಲ್ಲಾರ್ದೂ ಬರೀರಿ. ನಂದೊಬ್ಬಳ್ದೇ ಬರ್ದ್ರೆ ನಾಳೆ ಊರ್ನಾಗೆ ಎಂಗೆ ಮಕ ತೋರ್ಸ್ಲಿ?”

ಬೀಜ ಯಾರದೆಂದು ಕೇಳಿದರೆ, ಕೊಟ್ಟವರ ಹೆಸರು ಹೇಳಬೇಕೇ ಹೊರತು ತನ್ನದಲ್ಲ. ಅವಳ ತವರಿನ ಹೆಂಗಸರ ನಡತೆ ಅದು. ತಮ್ಮ ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದು, ಕೆಳಗೆ ನನಗೆ ತಿಳಿದ ಇಂಗ್ಲಿಷಿನಲ್ಲಿ ‘ಮೆನಿ ಲೇಡೀಸ್, ಒನ್ ಆಫ್ಟರ್ ಅನದರ್’ ಎಂದು ಬರೆದೆ. ಅನೇಕ ಹೆಂಗಸರು, ಒಬ್ಬರಾದ ಮೇಲೆ ಒಬ್ಬರು ಎಂಬುದು ತಮ್ಮ ಕಚೇರಿಯ ಬೆರಳಚ್ಚು ಯಂತ್ರಕ್ಕೆ ಹೋಗಿ ‘ಅಜ್ಞಾತ’ವಾಗಿ ಹೊರಬಂತು. ಅನೇಕರಿದ್ದರೆ ಯಾರೂ ಇಲ್ಲವೆಂದು ಯಾವ ಶಾಸ್ತ್ರದಲ್ಲಿದೆ ಸ್ವಾಮಿ?

ಅಷ್ಟಕ್ಕೇ ನಿಂತಿದ್ದರೆ ನಾನು ತಮ್ಮೊಬ್ಬರನ್ನೇ ಬಯ್ದು ಸುಮ್ಮನಾಗುತ್ತಿದ್ದೆ. ಮೂರನೆಯ ಸಭೆಗೆ, ತೊಂಬತ್ತಾರರ ಫೆಬ್ರವರಿಯಲ್ಲಿ, ಸದಸ್ಯರಿಗೆ ತೋರಿಸೋಣವೆಂದು ಬೀಜದ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ರಾಜಧಾನಿಗೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದೆ. ಸಭೆಯಲ್ಲಿ ಡಬ್ಬಿ ಕೈಯಿಂದ ಕೈಗೆ ಹೋಯಿತು. ಬೀಜದ ಕಂಪನಿಗಳ ಪರವಾಗಿ ಕೂತಿದ್ದ ಸದಸ್ಯರು ಅಂಗೈ ಚಾಚಿ, “ಸ್ವಲ್ಪ ಕೊಡ್ತೀರಾ ಸಾರ್?” ಎಂದರು. ಬೀಜ ಕೇಳಿ ಕೈಚಾಚಿದವರನ್ನು ಬರಿಗೈಯಲ್ಲಿ ಕಳಿಸುವುದು ನಮ್ಮ ಮನೆಯಲ್ಲಿ ಇಲ್ಲ. ನನ್ನ ಹೆಂಡತಿ ಜಗಳವಾಡಿ ಮಾತು ಬಿಟ್ಟವರಿಗೂ ಕೊಟ್ಟವಳು. ನಾನು ಒಂದು ಹಿಡಿ ತುಂಬಿ ಕೊಟ್ಟೆ. ಕೊಡುವಾಗ ಹೇಳುವ ಮಾತನ್ನೂ ಮರೆಯದೆ ಹೇಳಿದೆ: “ಬೆಳೆದ ಮೇಲೆ ಒಂದು ಹಿಡಿ ತಂದುಕೊಡಿ.” ಎಲ್ಲರೂ ನಕ್ಕರು. ಅವರು “ಡೆಫಿನೆಟ್ಲಿ” ಎಂದರು. ತಾವೂ ನಕ್ಕಿರಿ, ನಾನು ನೋಡಿದೆ. ನಡಾವಳಿಯಲ್ಲಿ ತಾವು ಬರೆದದ್ದು ಮಾತ್ರ ಇಷ್ಟು: ‘ಸದಸ್ಯರು ಸ್ವಇಚ್ಛೆಯಿಂದ ಮಾದರಿಯನ್ನು ಒದಗಿಸಿದರು.’ ನಾನು ಹಾಕಿದ ಒಂದೇ ಒಂದು ಷರತ್ತು ಎಲ್ಲಿ ಹೋಯಿತು? ನಗೆಯ ಜೊತೆ ಹಾರಿಹೋಯಿತೇ?

ಕಳ್ಳತನದಿಂದ ಕಾಪಾಡುವ ಸಮಿತಿಯಲ್ಲಿ ಕೂತು, ಮನೆಯ ಬೀಜವನ್ನು ನನ್ನ ಕೈಯಾರೆ ಎತ್ತಿ ಕೊಟ್ಟೆ. ಇದನ್ನು ಬರೆಯಲು ನನಗೆ ಒಂದು ವರ್ಷ ಬೇಕಾಯಿತು.

ಕಳೆದ ವರ್ಷ ಜೂನಿನಲ್ಲಿ ಆಕೆಗೆ ಔಷಧಿ ತರಲು ಬಂಗಾರಪೇಟೆಗೆ ಹೋಗಿದ್ದೆ. ಉಸಿರಿನ ತೊಂದರೆ, ಆಗಲೇ ಹಾಸಿಗೆ ಹಿಡಿದಿದ್ದಳು. ಗೊಬ್ಬರದಂಗಡಿಯ ಮುಂದೆ ಬಣ್ಣದ ಪೊಟ್ಟಣಗಳು ನೇತಾಡುತ್ತಿದ್ದವು: ‘ಹೊನ್ನಬಳ್ಳಿ-೭, ಕೆಟ್ಟ ಮಣ್ಣಿಗೂ ಅವರೆ.’ ಒಂದನ್ನು ತಂದು ಆಕೆಯ ಕೈಗೆ ಕೊಟ್ಟೆ. ಬೀಜಕ್ಕೆ ಗುಲಾಬಿ ಬಣ್ಣದ ಔಷಧಿ ಸವರಿದ್ದರು. ಒಂದು ಕಾಳನ್ನು ಸೆರಗಿನಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿದಳು.

“ನಮ್ದೇ ಕಣ್ರೀ! ಕಣ್ಣಿನ ಪಕ್ಕ ಈ ಕಪ್ಪು ಗೀಟು ನೋಡಿ. ಅಯ್ಯೋ, ಎಷ್ಟು ದೂರ ಓಗ್ಬುಟ್ಟು ಬಂದೈತೆ!”

ಸಿಟ್ಟಲ್ಲ, ಮಾನ್ಯರೇ. ಸಂತೋಷ. ಮದುವೆಯಾಗಿ ಹೋದ ಮಗಳು ಬಾಗಿಲಿಗೆ ಬಂದ ಹಾಗೆ ಆ ಮುಖ ಅರಳಿತು. ಸಭೆಯಲ್ಲಿ ಒಂದು ಹಿಡಿ ಕೊಟ್ಟದ್ದನ್ನೂ ಕೇಳಿದ್ದನ್ನೂ ಆಕೆಗೆ ಅಂದೇ ಹೇಳಿದ್ದೆ. ಆಮೇಲೆ ಕೇಳಿದಳು: “ಅಂಗಾದ್ರೆ ಒಂದಿಡಿ ತಂದ್ಕೊಡ್ತಾರೆ ಅನ್ನಿ. ಇದ್ರ ಮ್ಯಾಗೆ ಏನ್ ಬರ್ದವ್ರೆ, ಓದಿ.”

ಆಕೆಗೆ ಓದು ಬರದು. ಎಷ್ಟು ಆಳಕ್ಕೆ ಊರಬೇಕು, ಎಷ್ಟು ದಿನಕ್ಕೆ ಹೂವು, ಎಲ್ಲ ಓದಿದೆ. ಕೊನೆಯ ಸಾಲು ಹೀಗಿತ್ತು: ‘ಈ ಬೆಳೆಯಿಂದ ಬೀಜ ತೆಗೆದಿಡುವುದನ್ನೂ ಇತರರಿಗೆ ಕೊಡುವುದನ್ನೂ ನಿಷೇಧಿಸಿದೆ.’ ಅದೊಂದು ಸಾಲನ್ನು ನಾನು ಓದಲಿಲ್ಲ.

ಮರುದಿನ ಅಮ್ಮಾಜಮ್ಮನಿಗೆ ಹೇಳಿ ಒಂದು ಡಬ್ಬಿ ತೊಳೆಸಿ, ಒಣಗಿಸಿ, ಹುಳ ಹಿಡಿಯದಂತೆ ಒಲೆಯ ಬೂದಿ ಹಾಕಿಸಿ, ತಲೆದೆಸೆಯಲ್ಲಿ ಇಡಿಸಿಕೊಂಡಳು. ಕಂಪನಿಯವರು ತರುವ ಹಿಡಿಗೆ. ಅಲ್ಲಿಂದ ಎರಡು ತಿಂಗಳು, ಬಾಗಿಲು ಸದ್ದಾದಾಗಲೆಲ್ಲ, “ಬೀಜದೋರು ಬಂದ್ರಾ?” ನಾನು, “ಮಳೆ ಅಲ್ಲವಾ, ನಾಳೆ ಬರ್ತಾರೆ,” ಎನ್ನುತ್ತಿದ್ದೆ. ಕೊನೆಯ ವಾರ ಕೇಳುವುದನ್ನು ಬಿಟ್ಟಳು. ಬಾಗಿಲ ಕಡೆ ಮಾತ್ರ ನೋಡುತ್ತಿದ್ದಳು. ನನ್ನ ಸುಳ್ಳು ಆಕೆಗೆ ಗೊತ್ತಾಗಿತ್ತೋ ಏನೋ, ಕೇಳುವ ಧೈರ್ಯ ನನಗೆ ಬರಲಿಲ್ಲ, ಈಗ ಕೇಳಲು ಆಕೆ ಇಲ್ಲ.

ಹನ್ನೊಂದನೆಯ ದಿನ ಲೈನಿನ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಯಾರೂ ಹೇಳಿಕಳಿಸಿರಲಿಲ್ಲ. ಒಬ್ಬೊಬ್ಬರ ಸೆರಗಿನಲ್ಲೂ ಒಂದೊಂದು ಹಿಡಿ ಅವರೆ. “ಅಕ್ಕ ಕೊಟ್ಟಿದ್ದು ಅಣ್ಣಾ, ಅಕ್ಕಂಗೇ,” ಎಂದು ಅಮ್ಮಾಜಮ್ಮ ಮೊರಕ್ಕೆ ಸುರಿದಳು. ಮೊರ ತುಂಬಿತು. ಯಾರೂ ಬೂದಿಯ ಡಬ್ಬಿಯನ್ನು ಮುಟ್ಟಲಿಲ್ಲ. ಅದು ಯಾರ ಬಾಕಿ ಎಂದು ಎಲ್ಲರಿಗೂ ಗೊತ್ತಿತ್ತು.

ವರದಿ ಬಂದಾಗ ಆ ಪುಟವನ್ನು ಇದೇ ಅಮ್ಮಾಜಮ್ಮನಿಗೆ ತೋರಿಸಿದೆ.

“ಅಜ್ಞಾತ ಅಂದ್ರೆ ಏನಣ್ಣಾ?”

“ಯಾರು ಅಂತ ಗೊತ್ತಿಲ್ಲ ಅಂತ.”

“ಗೊತ್ತಿಲ್ಲಾಂದ್ರೆ ಬಂದು ಕೇಳ್ಬಾರ್ದಾ? ಈ ಲೈನ್‌ನಲ್ಲಿ ನಾಯಿಗೂ ಗೊತ್ತು ಅಕ್ಕ ಯಾರು ಅಂತ!”

ಮಾನ್ಯರೇ, ನನಗೆ ಹಕ್ಕುಪತ್ರ ಬೇಡ, ಪರಿಹಾರ ಬೇಡ. ಸಮಿತಿಯ ಆದೇಶವನ್ನು ಗೋಡೆಯಿಂದ ಇಳಿಸಿದ್ದೇನೆ, ಆ ಮೊಳೆಗೆ ಈಗ ಆಕೆಯ ಪಟ ಇದೆ. ತಾವು ಎರಡು ಕೆಲಸ ಮಾಡಬೇಕು. ಪುಟ ನಲವತ್ತೊಂದಕ್ಕೆ ತಿದ್ದುಪಡಿ ಹೊರಡಿಸಿ, ‘ಅಜ್ಞಾತ’ ಹೊಡೆದುಹಾಕಿ ಹೀಗೆ ಅಚ್ಚು ಮಾಡಿ: ‘ಚಿಕ್ಕವೆಂಕಟಮ್ಮ ಮುತ್ಯಾಲಮ್ಮನಿಗೆ ಕೊಟ್ಟದ್ದು, ಮುತ್ಯಾಲಮ್ಮ ಮಗಳು ಗಂಗರತ್ನಮ್ಮನಿಗೆ ಕೊಟ್ಟದ್ದು, ಗಂಗರತ್ನಮ್ಮ ಹದಿನೆಂಟು ವರ್ಷ ದಾರ ಕಟ್ಟಿ ಲೈನಿಗೆಲ್ಲ ಕೊಟ್ಟದ್ದು.’ ಜಾಗ ಸಾಲುತ್ತದೆ, ಸ್ಕೇಲ್ ಇಟ್ಟು ಅಳೆದಿದ್ದೇನೆ. ಆಮೇಲೆ, ಅಂದು ಕೈಚಾಚಿದ ಸದಸ್ಯರನ್ನು ಕರೆದುಕೊಂಡು ಮಾರಿಕುಪ್ಪಂ ರೈಲು ಹತ್ತಿ ಊರಿಗಾಮಿನಲ್ಲಿ ಇಳಿಯಿರಿ. ವಿಳಾಸ ಬೇಡ, ಅವರೆ ಅಮ್ಮನ ಮನೆ ಎಂದರೆ ಯಾರಾದರೂ ಕರೆತರುತ್ತಾರೆ. ಬರುವಾಗ ಒಂದು ಹಿಡಿ ಬೀಜ ತನ್ನಿ. ಗುಲಾಬಿ ಬಣ್ಣ ಸವರದೇ ಇರುವುದು.

ಡಬ್ಬಿಯ ಮುಚ್ಚಳ ತೆಗೆದೇ ಇಟ್ಟಿದ್ದೇನೆ. ಬಾಗಿಲು ಸದ್ದಾದರೆ ಈಗ ನಾನು ನೋಡುತ್ತೇನೆ.

ಇಂತಿ,
ತಮ್ಮ ನಡಾವಳಿಯಲ್ಲಿ ‘ಸ್ವಇಚ್ಛೆಯಿಂದ ಒದಗಿಸಿದ’ವನು,
ನಮ್ಮ ಲೈನಿನಲ್ಲಿ ಗಂಗರತ್ನಮ್ಮನ ಗಂಡ,
ಕೋದಂಡಪ್ಪ
ಊರಿಗಾಂ, ೧೯೯೮